ಶೀಟಿನ ಮೇಲೆ ಮಳೆ, ಕೆಳಗೆ ಮೂವರ ಹರಟೆ: ಪಾಡ್‌ಕಾಸ್ಟಿಗೆ ಸಲಹೆ ಬೇಕು

ಗದ್ದೆಬದಿ

ನಮಸ್ಕಾರ ಎಲ್ಲರಿಗೂ. ಮೂವರು ಸೇರಿ ವಾರಕ್ಕೊಮ್ಮೆ ಅರ್ಧ ಗಂಟೆಯ ಪಾಡ್‌ಕಾಸ್ಟ್ ಶುರು ಮಾಡೋಣ ಅಂತ ಇದೀವಿ. ಸಿನಿಮಾ, ಹಾಕಿ, ಕ್ರಿಕೆಟ್ ಸ್ವಲ್ಪ. ಮಕ್ಕಳ ತಲೆಬಿಸಿ ಸ್ವಲ್ಪ. ಆ ವಾರದ ಸುದ್ದಿ ಸ್ವಲ್ಪ. ಭಾಷಣ ಬೇಡ, ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಆಡೋ ಥರದ ಮಾತು ಸಾಕು. ಮೂವರೂ ಕೊಡಗಿನವರೇ, ಇಬ್ಬರು ಮೂರ್ನಾಡಲ್ಲಿ, ಇನ್ನೊಬ್ಬರು ಕುಶಾಲನಗರದಲ್ಲಿ. ಮೂವರ ಹತ್ರಾನೂ ಫೋನ್ ಇದೆ, ಹಳೇ ಲ್ಯಾಪ್‌ಟಾಪ್ ಒಂದಿದೆ. 8 ಸಾವಿರದ ಮೇಲೆ ಖರ್ಚು ಮಾಡೋ ಹಾಗಿಲ್ಲ.

ಗೊತ್ತಾಗದೇ ಇರೋದು ಇಷ್ಟು. ಮನೆ ಮಾಡಿನ ಶೀಟಿನ ಮೇಲೆ ಬೀಳೋ ಮಳೆ ಸದ್ದಿಗೆ ಏನು ಮಾಡೋದು? ಮೂವರೂ ಒಟ್ಟಿಗೆ ಬಾಯಿ ಹಾಕಿದ್ರೆ? ಗುರುವಾರ ಮಾತಾಡಿದ ಸುದ್ದಿ ಶನಿವಾರಕ್ಕೆ ಹಳಸಿದ್ರೆ? ಮಕ್ಕಳ ವಿಷಯ ಎಷ್ಟು ಹೇಳಬಹುದು? ಸಿನಿಮಾ ಹಾಡು ಹತ್ತು ಸೆಕೆಂಡ್ ಹಾಕಿದ್ರೆ ತೊಂದ್ರೆ ಇಲ್ಲ ಅಂತಾರಲ್ಲ, ನಿಜಾನಾ?

ಮೂರ್ನಾಡು ಮಾವ

ಮೂವರೂ ಒಟ್ಟಿಗೆ ಬಾಯಿ ಹಾಕದಿದ್ರೆ ಅದು ಹರಟೆ ಹೇಗಾಗುತ್ತೆ ಮಾರಾಯ್ರೆ? ಅದಕ್ಕೆ ಪಂಚಾಯ್ತಿ ಮೀಟಿಂಗ್ ಅಂತಾರೆ. ಅಲ್ಲೂ ಒಟ್ಟಿಗೇ ಬಾಯಿ ಹಾಕ್ತಾರೆ, ಅದು ಬೇರೆ ವಿಷಯ.

ಶಬ್ದಮಣಿ

ಮಳೆಯಿಂದ ಶುರು ಮಾಡ್ತೇನೆ. ಉಳಿದದ್ದರಲ್ಲಿ ಬಹುಪಾಲು ಆಮೇಲೂ ತಿದ್ದಬಹುದು, ಇದನ್ನು ಆಗೋದಿಲ್ಲ.

ಫ್ಯಾನಿನ ಗುಂಯ್ ಸದ್ದು ಒಂದೇ ಸಮ ಇರುತ್ತೆ, ಸಾಫ್ಟ್‌ವೇರ್ ಅದನ್ನು ಗುರುತು ಹಿಡಿದು ತೆಗೆಯುತ್ತೆ. ಶೀಟಿನ ಮೇಲಿನ ಮಳೆ ಹಾಗಲ್ಲ. ಅದು ತಗ್ಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಹರಡಿಕೊಂಡಿರುತ್ತೆ, ನಿಮಿಷಕ್ಕೊಮ್ಮೆ ಜೋರಾಗಿ ಮೆಲ್ಲಗಾಗುತ್ತೆ. ಮಾತಿನ ಸ, ಶ, ಫ ಇರುವ ಜಾಗದಲ್ಲೇ ಅದೂ ಕೂತಿರುತ್ತೆ. ಮಳೆ ತೆಗೀತೀನಿ ಅಂತ ಹೊರಟ್ರೆ ಸ-ಶ ಕೂಡ ಜೊತೆಗೆ ಹೋಗಿ, ಹೊಳೆಯಲ್ಲಿ ಮುಳುಗಿ ಮಾತಾಡಿದ ಹಾಗೆ ಕೇಳುತ್ತೆ. ಅದಕ್ಕಿಂತ ಮಳೆ ಸದ್ದು ಇದ್ದದ್ದೇ ಒಳ್ಳೇದು.

ಹಾಗಾಗಿ ಮೊದಲು ಜಾಗ ಹುಡುಕಿ. ಮಾಳಿಗೆ ಇರೋ ಆರ್‌ಸಿಸಿ ಮನೆಯ ಕೆಳಗಿನ ಮಲಗುವ ಕೋಣೆ ಸಿಕ್ಕಿದ್ರೆ ಬೇರೆ ಯೋಚನೆ ಬೇಡ. ಹಾಸಿಗೆ, ರಜಾಯಿ, ಬಾಗಿಲು ತೆಗೆದಿಟ್ಟ ಬಟ್ಟೆ ಬೀರು, ಇವೇ ನಿಮ್ಮ ಸ್ಟುಡಿಯೊ. ಹೆಂಚಿನ ಮನೆಯಾದ್ರೆ ಮರದ ಅಟ್ಟ ಇರುವ ಕೋಣೆ ನೋಡಿ, ಅಟ್ಟದ ಮೇಲೆ ಗೋಣಿಚೀಲ ದಪ್ಪಗೆ ಹಾಸಿದ್ರೆ ಸ್ವಲ್ಪ ತಡೆಯುತ್ತೆ. ಬರೀ ಶೀಟಿನ ಮನೆಯಾದ್ರೆ ಅದನ್ನು ಬಿಟ್ಟುಬಿಡಿ. ಆರ್‌ಸಿಸಿ ಪೋರ್ಟಿಕೊದಲ್ಲಿ ನಿಲ್ಲಿಸಿದ ಕಾರು ಇದ್ರೆ ಅದರೊಳಗೆ ಕೂತ್ಕೊಳ್ಳಿ. ಸೀಟು, ಮ್ಯಾಟು ಎಲ್ಲ ಸದ್ದು ಹೀರಿಕೊಳ್ಳುತ್ತೆ, ಪ್ರತಿಧ್ವನಿ ಇರೋದಿಲ್ಲ. ಎಂಜಿನ್ ಆಫ್, ಎಸಿ ಆಫ್, ಗಾಜು ಪೂರ್ತಿ ಮೇಲೆ. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆಯಿರಿ, ಇಲ್ಲದಿದ್ರೆ ಗಾಜೆಲ್ಲ ಹಬೆ ಕಟ್ಟಿ ತಲೆ ಭಾರ ಆಗುತ್ತೆ.

ಇನ್ನು ಮೈಕ್. ಬಾಯಿಗೂ ಮೈಕಿಗೂ ಇರೋ ದೂರ ಅರ್ಧ ಆದ್ರೆ ಮಾತು ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಜೋರಾಗುತ್ತೆ. ಮಳೆ ಎಲ್ಲಾ ಕಡೆಯಿಂದ ಬರೋದ್ರಿಂದ ಅದು ಇದ್ದಷ್ಟೇ ಇರುತ್ತೆ. ಅಂದ್ರೆ 40 ಸೆಂಟಿಮೀಟರಿಂದ 10ಕ್ಕೆ ಬಂದ್ರೆ 12 ಡೆಸಿಬಲ್ ಪುಕ್ಕಟೆ ಲಾಭ. ಯಾವ ದುಡ್ಡಿನ ಸಾಫ್ಟ್‌ವೇರೂ ಇಷ್ಟು ಚೊಕ್ಕವಾಗಿ ಇದನ್ನು ಕೊಡೋದಿಲ್ಲ. ನಾಲ್ಕು ಬೆರಳು ಅಡ್ಡ ಇಟ್ಟು ಅಳೀರಿ, ಅಷ್ಟು ಹತ್ತಿರ. ಆದ್ರೆ ನೇರ ಬಾಯಿ ಮುಂದೆ ಬೇಡ, ತುಟಿಯ ಪಕ್ಕಕ್ಕೆ ಓರೆಯಾಗಿ. ನಮ್ಮ ಭಾಷೆಯಲ್ಲಿ ಪ, ಫ, ಬ, ಭ ನಾಲ್ಕೂ ಗಾಳಿ ಊದುತ್ತೆ. "ಭಾಗಮಂಡಲ" ಅಂತ ಒಂದು ಸಲ ಹೇಳಿ ನೋಡಿ, ಮೈಕ್ ಎದುರಿಗೇ ಇದ್ರೆ ಢಂ ಅನ್ನುತ್ತೆ.

ಗದ್ದೆಬದಿ

8 ಸಾವಿರಕ್ಕೆ ಎರಡು ಯುಎಸ್‌ಬಿ ಮೈಕ್ ತಗೊಂಡು ಲ್ಯಾಪ್‌ಟಾಪಿಗೆ ಹಾಕಿದ್ರೆ ಆಯ್ತಲ್ಲ?

ಶಬ್ದಮಣಿ

ತಗೋಬೇಡಿ! ಎಲ್ಲರೂ ಜಾರೋದು ಇಲ್ಲೇ. ಲ್ಯಾಪ್‌ಟಾಪಲ್ಲಿ ರೆಕಾರ್ಡಿಂಗಿಗೆ ಬಳಸೋ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಒಂದು ಹೊತ್ತಿಗೆ ಒಂದೇ ಸಾಧನದಿಂದ ರೆಕಾರ್ಡ್ ಮಾಡುತ್ತೆ. ಎರಡು ಯುಎಸ್‌ಬಿ ಮೈಕ್ ಚುಚ್ಚಿದ್ರೂ ಒಂದರದ್ದೇ ಧ್ವನಿ ಬರೋದು. ಎರಡು ಮೈಕ್ ಬೇಕಂದ್ರೆ ನಡುವೆ ಇಂಟರ್‌ಫೇಸ್ ಅನ್ನೋ ಪೆಟ್ಟಿಗೆ ಬೇಕು, ಆಗ ನಿಮ್ಮ ಬಜೆಟ್ ದಾಟುತ್ತೆ.

ಮೊದಲ ನಾಲ್ಕು ಕಂತು ಫೋನಲ್ಲೇ ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಫೋನ್, ಪುಸ್ತಕದ ರಾಶಿ ಮೇಲೆ ಮಲಗಿಸಿ, ಕೆಳಗಿನ ಮೈಕ್ ತೂತು ಬಾಯಿ ಕಡೆಗೆ, 15 ಸೆಂಟಿಮೀಟರ್ ದೂರ. ಪಕ್ಕದವರ ಫೋನ್ ಅದರ ಮೂರು ಪಟ್ಟು ದೂರ, ಅಂದ್ರೆ 45 ಸೆಂಟಿಮೀಟರಾದ್ರೂ ಇರಬೇಕು. ಇಲ್ಲದಿದ್ರೆ ಒಬ್ಬರ ಧ್ವನಿ ಎರಡೂ ಫೋನಲ್ಲಿ ಒಂದು ಚೂರು ಹಿಂದೆಮುಂದೆ ಬಿದ್ದು, ಸೇರಿಸಿದಾಗ ಡಬ್ಬದೊಳಗೆ ಮಾತಾಡಿದ ಹಾಗಾಗುತ್ತೆ. ರೆಕಾರ್ಡರ್ ಆ್ಯಪಲ್ಲಿ ವೇವ್ ಫೈಲ್, 48 ಕಿಲೊಹರ್ಟ್ಸ್, ಮೊನೊ (ಒಂದೇ ಚಾನೆಲ್) ಇಡಿ. ಏರೋಪ್ಲೇನ್ ಮೋಡ್ ಹಾಕೋದು ಮರೀಬೇಡಿ. ಎಷ್ಟೋ ಫೋನಲ್ಲಿ ಕರೆ ಬಂದ ಕೂಡಲೇ ರೆಕಾರ್ಡಿಂಗ್ ನಿಂತುಹೋಗುತ್ತೆ, ಕರೆ ಮುಗಿದ ಮೇಲೂ ನಿಂತೇ ಇರುತ್ತೆ. ಮಾತಾಡೋರಿಗೆ ಗೊತ್ತಾಗೋದೇ ಇಲ್ಲ.

ಕುಶಾಲನಗರದವರ ವಿಷಯ: ವಾಟ್ಸಾಪ್ ಕರೆಯನ್ನೇ ರೆಕಾರ್ಡ್ ಮಾಡಿ ಹಾಕಬೇಡಿ. ನೆಟ್‌ವರ್ಕ್ ಕುಗ್ಗಿದಾಗ ಪದ ನುಂಗಿಹೋಗುತ್ತೆ. ಅವರ ಮನೇಲಿ ಎರಡು ಫೋನ್ ಇಟ್ಕೊಳ್ಳಲಿ. ಒಂದರಲ್ಲಿ ಇಯರ್‌ಫೋನ್ ಹಾಕಿ ಕರೆ, ಇನ್ನೊಂದು ಬರೀ ರೆಕಾರ್ಡಿಂಗಿಗೆ. ಎರಡು ಊರಿನ ಫೈಲ್ ಆಮೇಲೆ ಜೋಡಿಸೋದು. ಜೋಡಿಸೋಕೆ ಗುರುತು ಬೇಕಲ್ಲ, ಅದಕ್ಕೆ ಶುರುವಿನಲ್ಲಿ ಒಬ್ಬರು ಒಂದು-ಎರಡು-ಮೂರು ಎಣಿಸಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಬೇಕು. ಕೊನೇಲೂ ಒಂದು ಸಲ ತಟ್ಟಿ. ಯಾಕೆ ಕೊನೇಲಿ? ಎರಡು ಫೋನಿನ ಗಡಿಯಾರ ಒಂದೇ ವೇಗದಲ್ಲಿ ಓಡೋದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ರೂ ಅರ್ಧ ಗಂಟೆಗೆ 90 ಮಿಲಿಸೆಕೆಂಡ್ ಆಯ್ತು. ಜೋಕಿಗೆ ನಗು ತಡವಾಗಿ ಬಂದ್ರೆ ಜೋಕೇ ಸಪ್ಪೆ ಅನ್ಸುತ್ತೆ.

ಮೂರ್ನಾಡು ಮಾವ

ಕೆಲವರ ಜೋಕಿಗೆ 90 ಮಿಲಿಸೆಕೆಂಡ್ ಸಾಲದು, ಮೂರು ದಿನ ಬೇಕು.

ಕಾಫಿಹೂ

ಶಬ್ದಮಣಿ ಹೇಳದೇ ಬಿಟ್ಟದ್ದು ತೇವ. ಚಪ್ಪಲಿಗೆ ಬೂಷ್ಟು ಬರೋ ಊರಲ್ಲಿ ಮುಂದೆ ಮೈಕ್ ತಗೊಂಡ್ರೆ ಬರೋದಿಲ್ವಾ? ಕಂಡೆನ್ಸರ್ ಮೈಕ್ ತೇವ ಹಿಡಿದ್ರೆ ಚಟಚಟ ಅನ್ನೋಕೆ ಶುರು ಮಾಡುತ್ತೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡೋದು ಬೇಡ, ಅಕ್ಕಿ ಹುಡಿ ಜಾಲರಿಯೊಳಗೆ ಹೋಗುತ್ತೆ. ಸಿಲಿಕಾ ಜೆಲ್‌ನಲ್ಲಿ ನೀಲಿಯಿಂದ ಗುಲಾಬಿಗೆ ತಿರುಗೋ ಕಾಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದು ವಿಷ. ಮಕ್ಕಳಿರೋ ಮನೆಗೆ ಕಿತ್ತಳೆ ಬಣ್ಣದ್ದು ತನ್ನಿ, ಅದನ್ನೂ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಿ ಒಣಗಿಸೋ ಬುದ್ಧಿವಂತಿಕೆಯೂ ಬೇಡ.

ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಚಾರ್ಜರ್ ಹಾಕಿಕೊಂಡು ರೆಕಾರ್ಡ್ ಮಾಡಿದ್ರೆ ಕೆಲವು ಸಲ ಝುಂಯ್ ಅಂತ ಕೂರುತ್ತೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ.

ಸಂಜೆ ಆರರ ಮೇಲೆ ಜೀರುಂಡೆ, ಕಪ್ಪೆ. ಮಳೆ ಬಿಟ್ಟ ಕೂಡಲೇ ಅವುಗಳ ಪಾಳಿ ಶುರು.

ಸಾಲುಮನೆ

ತಾಂತ್ರಿಕ ಮಾತು ಸಾಕಷ್ಟಾಯ್ತು. ಮೈಕ್ ಚೆನ್ನಾಗಿದ್ದು ಮಾತು ಕೆಟ್ಟ ಪಾಡ್‌ಕಾಸ್ಟ್ ಬೇಕಾದಷ್ಟಿದೆ.

ಬರೆದುಕೊಂಡು ಓದಬೇಡಿ. ಹಾಗಂತ ಬರಿಗೈಲೂ ಕೂರಬೇಡಿ. ಒಂದೊಂದು ವಿಷಯಕ್ಕೆ ಒಂದು ಚೀಟಿ, ಅದರಲ್ಲಿ ಮೂರೇ ಸಾಲು: ಮೊದಲ ವಾಕ್ಯ, ನಡುವೆ ಹೇಳಲೇಬೇಕಾದ ಒಂದು ಅಂಕಿ ಅಥವಾ ಹೆಸರು, ಕೊನೆಯ ವಾಕ್ಯ. ನಡುವಿನ ದಾರಿ ನಿಮ್ಮಿಷ್ಟ. ಹರಟೆ ಕೆಡೋದು ಯಾವಾಗಲೂ ಮುಗಿಸೋಕೆ ಬಾರದೆ. "ಹೌದು... ಹಾಗೆ... ಮತ್ತೆ?" ಅಂತ ಎಳೀತಾ ಹೋಗ್ತಾರಲ್ಲ, ಅಲ್ಲಿ ಕೇಳುಗ ಇಳಿದು ಹೋಗ್ತಾನೆ. ಕೊನೆಯ ವಾಕ್ಯ ಗೊತ್ತಿದ್ರೆ ಯಾವ ತಿರುವಲ್ಲಿ ಬೇಕಾದ್ರೂ ಹಾರಿ ಅಲ್ಲಿಗೆ ಇಳೀಬಹುದು.

ಮೂವರಿಗೂ ಕೆಲಸ ಹಂಚಿ. ಒಬ್ಬರು ದಾರಿ ನಡೆಸೋರು, ಒಬ್ಬರು ಎದುರು ಮಾತಾಡೋರು, ಒಬ್ಬರು ಗಡಿಯಾರ ನೋಡೋರು. ವಿಷಯ ಬದಲಾದಾಗ ಕೆಲಸವೂ ಬದಲಾಗಲಿ, ಇಲ್ಲದಿದ್ರೆ ಎದುರು ಮಾತಾಡೋರು ಆರು ವಾರದಲ್ಲಿ ಜಗಳಗಂಟ ಅನ್ನಿಸಿಕೊಳ್ತಾರೆ. ಎದುರು ಮಾತು ನಾಟಕ ಆಗಬಾರದು, ನಿಜವಾಗಿ ಒಪ್ಪದ ಒಂದು ಅಂಶ ಹುಡುಕಿ ತರಬೇಕು. ಆಸ್ಟ್ರೇಲಿಯಾದಲ್ಲಿ 16 ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆ ನಿಲ್ಲಿಸಿದ್ರಲ್ಲ, 2025ರ ಡಿಸೆಂಬರ್ 10ರಿಂದ. ಮೂವರೂ ಅಪ್ಪ-ಅಮ್ಮ ಆದ್ರೆ ಮೂವರೂ "ಒಳ್ಳೇದಾಯ್ತು" ಅಂತಾರೆ, ಎರಡು ನಿಮಿಷಕ್ಕೆ ಮುಗೀತು. ಅದೇ ಒಬ್ಬರು "ತೋಟದ ನಡುವಿನ ಒಂಟಿ ಮನೆಯ ಮಗುವಿಗೆ ಗೆಳೆಯರು ಸಿಗೋದೇ ಫೋನಲ್ಲಿ, ಮಳೆಗೆ ವಾರ ರಜೆ ಬಂದ್ರೆ ಅದು ಯಾರ ಹತ್ರ ಮಾತಾಡಬೇಕು?" ಅಂತ ಕೇಳಿದ್ರೆ ಹತ್ತು ನಿಮಿಷ ಮಾತು ಓಡುತ್ತೆ.

ಒಟ್ಟಿಗೆ ಬಾಯಿ ಹಾಕೋದಕ್ಕೆ ಸುಲಭ ಉಪಾಯ: ಮಾತು ಬೇಕಾದವರು ಮೇಜಿನ ಮೇಲೆ ಒಂದು ಬೆರಳು ನಿಲ್ಲಿಸಬೇಕು. ದಾರಿ ನಡೆಸೋರು ಕಣ್ಣಲ್ಲೇ ಸರದಿ ಕೊಡ್ತಾರೆ. ಕುಶಾಲನಗರದವರು ಕಾಣೋದಿಲ್ಲ, ಅವರಿಗೆ ಸರದಿ ಕೊಡುವಾಗ ಹೆಸರು ಹಿಡಿದು ಕರೀರಿ. ಹೆಸರು ವಾಕ್ಯದ ಮೊದಲು ಬರಲಿ. "ಇದರ ಬಗ್ಗೆ ನಿಮಗೇನನ್ಸುತ್ತೆ ಅಕ್ಕಾ" ಅಂದ್ರೆ ಪ್ರಶ್ನೆ ತನಗೆ ಅಂತ ಗೊತ್ತಾಗೋ ಹೊತ್ತಿಗೆ ಪ್ರಶ್ನೆಯೇ ಮುಗಿದಿರುತ್ತೆ.

ಮೂರ್ನಾಡು ಮಾವ

ಸಾಲುಮನೆ ಅಕ್ಕ, ಗಡಿಯಾರ ನೋಡೋರು ಕೊಡಗಿನವರಾದ್ರೆ ಕಷ್ಟ. ನಟಿ ರಶ್ಮಿಕಾ ಹೆಸರು ಬಂದ ಕೂಡಲೇ ಹತ್ತು ನಿಮಿಷ ಅವರ ಊರು ವಿರಾಜಪೇಟೆಗೆ. ಟೆನಿಸ್‌ನ ಬೋಪಣ್ಣ ಬಂದ್ರೆ ಇನ್ನು ಹತ್ತು. ಆಮೇಲೆ ಕೊಡವ ಮನೆತನಗಳು ಆಡೋ ಹಾಕಿ ಹಬ್ಬ, ಯಾವ ವರ್ಷ ಯಾವ ಮನೆತನ ಕಪ್ ಗೆದ್ದಿತ್ತು ಅಂತ. ಸುದ್ದಿಗೆ ಉಳಿಯೋದು "ಸರಿ, ಮುಂದಿನ ವಾರ ಸಿಗೋಣ".

ಡೆಸ್ಕ್‌ಅಣ್ಣ

ಮಾವ ತಮಾಷೆಗೆ ಹೇಳಿದ್ರೂ ವಿಷಯ ಅಲ್ಲೇ ಇದೆ. ನಮ್ಮೂರಿನವರ ಬಗ್ಗೆ ಮಾತಾಡುವಾಗಲೇ ಜಾಸ್ತಿ ತಪ್ಪು ನುಸುಳುತ್ತೆ, ಗೊತ್ತಿದೆ ಅನ್ನೋ ಧೈರ್ಯಕ್ಕೆ. ರೋಹನ್ ಬೋಪಣ್ಣ ಗೆದ್ದ ಗ್ರ್ಯಾಂಡ್‌ಸ್ಲಾಮ್ ಎರಡು: 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, ಗೇಬ್ರಿಯೆಲಾ ದಬ್ರೋವ್‌ಸ್ಕಿ ಜೊತೆ, 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್, ಮ್ಯಾಥ್ಯೂ ಎಬ್ಡೆನ್ ಜೊತೆ, 43ರ ವಯಸ್ಸಲ್ಲಿ. ಯಾರೋ "43ಕ್ಕೆ ಮೊದಲ ಗ್ರ್ಯಾಂಡ್‌ಸ್ಲಾಮ್" ಅಂದ್ಬಿಡ್ತಾರೆ, 2017 ಮರೆತೇಹೋಗುತ್ತೆ. ಹಾಕಿ ಹಬ್ಬ ಶುರುವಾದದ್ದು 1997ರಲ್ಲಿ, ಕರಡ ಗ್ರಾಮದಲ್ಲಿ, ಪಾಂಡಂಡ ಕುಟ್ಟಪ್ಪ ಅವರಿಂದ. ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಕೊಳ್ಳಿ, ಉಳಿದದ್ದು ಬಾಯಿಗೆ ಬಂದ ಹಾಗೆ ಹೋಗಲಿ.

ಸುದ್ದಿ ಹಳಸೋದರ ಬಗ್ಗೆ. 2025ರ ಸೆಪ್ಟೆಂಬರ್ 12ಕ್ಕೆ ರಾಜ್ಯ ಸರ್ಕಾರ ಸಿನಿಮಾ ಟಿಕೆಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕ್ತು. ಅದೇ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ನಡುವಿನ ವಾರದಲ್ಲಿ "ಇನ್ನು ಮೈಸೂರಿಗೆ ಹೋಗಿ ಮಲ್ಟಿಪ್ಲೆಕ್ಸಲ್ಲಿ ಮನೆಮಂದಿಯೆಲ್ಲ ನೋಡಬಹುದು" ಅಂತ ಮಾತಾಡಿ, ಎಡಿಟ್ ಮಾಡಿ, ನಿಧಾನಕ್ಕೆ ಹಾಕಿದ ಕಂತು ಬರೋ ಹೊತ್ತಿಗೆ ತಮಾಷೆ ಆಗಿರುತ್ತೆ. ಸುದ್ದಿ ಭಾಗವನ್ನು ಕೊನೆಗೆ ಇಡಿ, ಬೇರೆ ಫೈಲಲ್ಲಿ ರೆಕಾರ್ಡ್ ಮಾಡಿ. ಶುಕ್ರವಾರ ರಾತ್ರಿ ಏನಾದ್ರೂ ಬದಲಾದ್ರೆ ಅದೊಂದನ್ನೇ ಕಿತ್ತು ಹಾಕಬಹುದು. ಮತ್ತೆ "ಇವತ್ತು", "ನಿನ್ನೆ" ಅನ್ನಬೇಡಿ. "ಗುರುವಾರ ಸಂಜೆ 5 ಗಂಟೆಯ ಹೊತ್ತಿಗೆ" ಅನ್ನಿ.

ಮಳೆಗಾಲದಲ್ಲಿ ಇದು ತಮಾಷೆ ಅಲ್ಲ. ಮಳೆಯ ಅಂಕಿ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದ್ದು, ಅಂದ್ರೆ ಇವತ್ತಿನ ಪೇಪರಿನ ಮಳೆ ಬಹುಪಾಲು ನಿನ್ನೆಯದ್ದೋ ಮೊನ್ನೆಯದ್ದೋ. ತೋಟದವರು ಇಂಚಲ್ಲಿ ಹೇಳ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಲ್ಲಿ. ಒಂದು ಇಂಚಿಗೆ 25.4. ಇಲಾಖೆ ಲೆಕ್ಕದಲ್ಲಿ 64.5ರಿಂದ 115.5 ಮಿಲಿಮೀಟರ್ ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದರ ಮೇಲೆ ಅತ್ಯಂತ ಭಾರಿ. ತೋಟದ ಭಾಷೆಯಲ್ಲಿ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಹೀಗೆ ಹೇಳಿದ್ರೆ ಮಳೆ ಲೆಕ್ಕ ಬರೆದಿಡೋ ಅಜ್ಜನಿಗೂ ಅರ್ಥ ಆಗುತ್ತೆ. ಹಾರಂಗಿ ಡ್ಯಾಮ್ ತುಂಬಿದ ಮಟ್ಟ 2,859 ಅಡಿ. "ಡ್ಯಾಮ್ ತುಂಬಿತಂತೆ" ಅನ್ನೋ ಬದಲು ಮಟ್ಟ ಎಷ್ಟು, ಯಾವ ಹೊತ್ತಿನದ್ದು, ಹೊರಹರಿವು ಎಷ್ಟು ಕ್ಯುಸೆಕ್ ಅಂತ ಹೇಳಿ. ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಕುಶಾಲನಗರದವರು ನಿಮ್ಮ ಜೊತೆಗೇ ಇದ್ದಾರಲ್ಲ, ಹೊಳೆ ಬದಿಯವರಿಗೆ ಅಂತೆಕಂತೆ ಬೇಡ.

ಇನ್ನು ಗುಡ್ಡ ಕುಸಿದ ವಿಡಿಯೊ, ಶಾಲೆಗೆ ರಜೆ ಅನ್ನೋ ಆದೇಶ. ವಿಡಿಯೊ ಬಂದ್ರೆ ಮೊದಲು ವಾಹನದ ನಂಬರ್ ನೋಡಿ. ನಮ್ಮದು ಕೆಎ 12. ನಿಂತ ಗಾಡಿಯೆಲ್ಲ ಕೆಎಲ್ ಆಗಿದ್ದು, ಅಂಗಡಿ ಬೋರ್ಡ್ ಮಲಯಾಳಂ ಆಗಿದ್ರೆ ಅದು ಗಡಿ ಆಚೆಯದ್ದು. 2018ರ ಆಗಸ್ಟಿನ ಗುಡ್ಡ ಕುಸಿತದ ದೃಶ್ಯಗಳು ಹೊಸ ಅಕ್ಷರ ಹಚ್ಚಿಕೊಂಡು ಬರಬಹುದು, ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ. ರಜೆ ಆದೇಶದಲ್ಲಿ ತಾರೀಖು, ಆದೇಶ ಸಂಖ್ಯೆ, ಯಾವ ತಾಲ್ಲೂಕು, ಅಂಗನವಾಡಿಗೂ ಸೇರಿದೆಯಾ, ಪಿಯುಗೂ ಸೇರಿದೆಯಾ, ಇವಿಷ್ಟು ನೋಡಿ. ಹೋದ ವರ್ಷದ ಆದೇಶದ ತಾರೀಖು ಮಾತ್ರ ತಿದ್ದಿದ್ದು ಆಗಿದ್ರೆ ವಾರದ ದಿನ ತಾಳೆ ಆಗೋದಿಲ್ಲ. ವಾರಕ್ಕೊಮ್ಮೆ ಬರೋ ಕಾರ್ಯಕ್ರಮ ರಜೆ ಘೋಷಣೆ ಮಾಡೋ ಜಾಗ ಅಲ್ಲ. ರಜೆ ಬಂದಾಗ ಮನೇಲಿ ಏನಾಗುತ್ತೆ ಅನ್ನೋದು ನಿಮ್ಮ ವಿಷಯ.

ಮೂರ್ನಾಡು ಮಾವ

ಮಕ್ಕಳು ಮಾತ್ರ ರಜೆ ಆದೇಶ ಪರೀಕ್ಷೆ ಮಾಡೋದಿಲ್ಲ ಡೆಸ್ಕ್‌ಅಣ್ಣ, ಬಂದದ್ದೆಲ್ಲ ಅಸಲಿ.

ಕಾಫಿಹೂ

ಮಕ್ಕಳ ಭಾಗದ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳ್ತೇನೆ. "ಮಗುವಿನ ಹೆಸರು ಹೇಳೋದಿಲ್ಲ, ಅಷ್ಟು ಸಾಕು" ಅಂದ್ಕೊಂಡ್ರೆ ಅದು ಬೆಂಗಳೂರಿಗೆ ಸರಿ. ಇಲ್ಲಿ ಮನೆತನದ ಹೆಸರು ಬಂದ್ರೆ ಮುಗೀತು. ಮನೆತನ ಬಿಟ್ಟು "ನಾಪೋಕ್ಲು ಹತ್ರದ ಒಂದು ಮನೆ, ಅಪ್ಪ ಮಿಲಿಟರಿಯಲ್ಲಿ, ಅವಳಿ ಮಕ್ಕಳು" ಅಂದ್ರೂ ಮುಗೀತು. ಮೂರು ವಿವರ ಒಟ್ಟಿಗೆ ಬಂದ್ರೆ ಆ ಮನೆ ಅಂಗಳಕ್ಕೇ ಕರ್ಕೊಂಡು ಹೋದ ಹಾಗೆ. ಹಾಗಾಗಿ ಲೆಕ್ಕ ಇಟ್ಕೊಳ್ಳಿ: ಊರು, ವಯಸ್ಸು, ಶಾಲೆ, ಅಪ್ಪ-ಅಮ್ಮನ ಕೆಲಸ, ಇವುಗಳಲ್ಲಿ ಒಂದಕ್ಕಿಂತ ಜಾಸ್ತಿ ಒಂದೇ ಕಂತಿನಲ್ಲಿ ಬರಬಾರದು. ನಿಮ್ಮ ಮಕ್ಕಳಿಗೂ ಇದೇ ನಿಯಮ. ಹಾಸಿಗೆ ಒದ್ದೆ ಮಾಡಿದ್ದು, ಪರೀಕ್ಷೆ ಫೇಲ್ ಆದದ್ದು, ಮೈಗೆ ಸಂಬಂಧಪಟ್ಟದ್ದು ಬೇಡವೇ ಬೇಡ. ಎಂಟು ವರ್ಷದ ಮೇಲಿನ ಮಗುವಾದ್ರೆ ಹೇಳೋ ಮುಂಚೆ ಅದನ್ನೇ ಕೇಳಿ. "ಬೇಡ" ಅಂದ್ರೆ ಬೇಡ.

ಕೇಳುಗರ ಮಕ್ಕಳು ಧ್ವನಿ ಸಂದೇಶ ಕಳಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸೋಕೆ ಪೋಷಕರ ಖಚಿತ ಒಪ್ಪಿಗೆ ಬೇಕು. ಅಪ್ಪನೋ ಅಮ್ಮನೋ ತಮ್ಮ ನಂಬರಿಂದ ಒಪ್ಪಿಗೆ ಬರೆದು ಕಳಿಸಿದ್ರೆ ಮಾತ್ರ ಹಾಕಿ. ಸುದ್ದಿಯಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣ ಬಂದ್ರೆ ಹೆಸರು, ಶಾಲೆ, ಊರು ಯಾವುದೂ ಹೇಳೋ ಹಾಗಿಲ್ಲ, ಪೋಕ್ಸೊ ಕಾಯ್ದೆಯಲ್ಲೇ ಅದು ಅಪರಾಧ. ಅದು ಹರಟೆಯ ವಿಷಯವೂ ಅಲ್ಲ.

ಅಂಕಿ ಹೇಳುವಾಗ ವಯಸ್ಸು ನೋಡಿ. ಸ್ಕ್ರೀನ್ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು 2ರಿಂದ 4 ವರ್ಷದವರಿಗೆ. ವರ್ಷದೊಳಗಿನ ಕೂಸಿಗೆ ಸ್ಕ್ರೀನೇ ಬೇಡ ಅಂತ. ಅದನ್ನು ಏಳನೇ ಕ್ಲಾಸಿನ ಹುಡುಗನಿಗೆ ಅಂಟಿಸಿ ಅಪ್ಪ-ಅಮ್ಮನನ್ನು ಹೆದರಿಸಬೇಡಿ. ಆಸ್ಟ್ರೇಲಿಯಾದ್ದರಲ್ಲೂ ದಂಡ ಬೀಳೋದು ಕಂಪನಿಗಳಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಕ್ಕಳಿಗೂ ಇಲ್ಲ, ಮನೆಯವರಿಗೂ ಇಲ್ಲ.

ಇಲ್ಲಿಯದ್ದೇ ವಿಷಯ ಬೇಕಾ? ಆಗಸ್ಟ್ 3ರ ಸುಮಾರಿಗೆ ಕಕ್ಕಡ 18, ಅಂದ್ರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದುಸೊಪ್ಪಿನ ಪಾಯಸ ತಿಂದ ಮಗುವಿನ ಮೂತ್ರ ಕೆಂಪಾಗುತ್ತೆ. ಹೊರಗಿಂದ ಮದುವೆಯಾಗಿ ಬಂದ ಅಮ್ಮಂದಿರು ರಕ್ತ ಅಂತ ಗಾಬರಿ ಬೀಳ್ತಾರೆ. ಸೊಪ್ಪು ಬೇಯಿಸಿದ ನೀರಿನ ನೇರಳೆ ಬಣ್ಣವೇ ಅದು. ಪಾಯಸ ತಿನ್ನದೇ ಹಾಗಾದ್ರೆ, ನೋವು-ಜ್ವರ ಇದ್ರೆ, ಮಾರನೇ ದಿನ ದಾಟಿದ್ರೂ ನಿಲ್ಲದಿದ್ರೆ ಡಾಕ್ಟರ ಹತ್ರ ಹೋಗಬೇಕು. ಇದಕ್ಕೆ ಏಳು ನಿಮಿಷ ಬೇಕಾದಷ್ಟಾಯ್ತು, ನಗೂ ಬರುತ್ತೆ, ಉಪಯೋಗಾನೂ ಆಗುತ್ತೆ.

ಸಾಲುಮನೆ

ಸಿನಿಮಾಕ್ಕೂ ಮಕ್ಕಳಿಗೂ ಸೇತುವೆ ಬೇಕಾದ್ರೆ ಸರ್ಟಿಫಿಕೇಟ್ ಹಿಡಿದುಕೊಳ್ಳಿ. ಮೊದಲು ಬರೀ ಯು/ಎ ಇತ್ತು. 2024ರ ನಿಯಮದಿಂದ ಯುಎ 7+, ಯುಎ 13+, ಯುಎ 16+ ಅಂತ ಮೂರಾಗಿದೆ. ಈ ಮೂರೂ ಪೋಷಕರಿಗೆ ಸೂಚನೆ ಅಷ್ಟೇ, ಜೊತೆಗೆ ಕರ್ಕೊಂಡು ಹೋಗಬಹುದು. ಎ ಆದ್ರೆ 18 ತುಂಬದವರಿಗೆ ಪ್ರವೇಶವೇ ಇಲ್ಲ. ಹೊಸ ಸಿನಿಮಾ ಮಾತಾಡುವಾಗ ಮೊದಲ ಮಾತೇ ಇದಾಗಲಿ: ಯಾವ ಸರ್ಟಿಫಿಕೇಟ್, ಎಷ್ಟು ಹೊತ್ತು, ಆರು ವರ್ಷದ ಮಗು ಎಲ್ಲಿ ಹೆದರುತ್ತೆ. ನಾಯಕನ ಎಂಟ್ರಿ ವರ್ಣನೆ ಬೇರೆಯವರು ಮಾಡ್ತಾರೆ. ಕತೆಯ ಗುಟ್ಟು ಹೇಳಲೇಬೇಕಾದ್ರೆ ಅದನ್ನು ಕಂತಿನ ಕೊನೆಗೆ ಹಾಕಿ, "ಇಲ್ಲಿಂದ ಮುಂದೆ ನೋಡದವರು ನಿಲ್ಲಿಸಿ" ಅಂತ ಹೇಳಿ. ಒಟಿಟಿಗೆ ಬರಲಿ ಅಂತ ಕಾಯೋ ಮನೆಗಳು ಇಲ್ಲಿ ಬೇಕಾದಷ್ಟಿವೆ.

ಹತ್ತು ಸೆಕೆಂಡ್ ಹಾಡು: ಸುಳ್ಳು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಷ್ಟು ಸೆಕೆಂಡ್ ಅನ್ನೋ ಲೆಕ್ಕವೇ ಇಲ್ಲ. ವಿಮರ್ಶೆಗೆ, ಸುದ್ದಿಗೆ ನ್ಯಾಯವಾದ ಬಳಕೆ ಅಂತ 52ನೇ ಕಲಮಿನಲ್ಲಿ ಅವಕಾಶ ಇದೆ. ಆದ್ರೆ ಯುಟ್ಯೂಬಿನ ಗುರುತು ಹಿಡಿಯೋ ಯಂತ್ರಕ್ಕೆ ನ್ಯಾಯ-ಅನ್ಯಾಯ ಗೊತ್ತಿಲ್ಲ, ಹಾಡು ಕೇಳಿದ್ರೆ ಹಿಡಿಯುತ್ತೆ. ಹಾಡಿನ ಬಗ್ಗೆ ಮಾತಾಡಿ, ಹಾಡು ಹಾಕಬೇಡಿ.

ಗದ್ದೆಬದಿ

ಎಲ್ಲ ಬರ್ಕೊಂಡೆ. ಹಾಗಾದ್ರೆ ಶುರುವಿನ ಸಂಗೀತಕ್ಕೆ ದುಡಿ, ನಮ್ಮ ಡಮರು ಥರದ ಚರ್ಮವಾದ್ಯ, ಇಟ್ಕೊಳ್ಳಬಹುದಾ? ಅದು ಯಾರದ್ದೂ ಅಲ್ವಲ್ಲ.

ಡೆಸ್ಕ್‌ಅಣ್ಣ

ತಾಳ ಯಾರದ್ದೂ ಅಲ್ಲ, ರೆಕಾರ್ಡಿಂಗ್ ಮಾತ್ರ ಮಾಡಿದವರದ್ದು. ಯುಟ್ಯೂಬಿಂದ ಎತ್ತಬೇಡಿ. ಬಾರಿಸೋರನ್ನು ಕರೆಸಿ, ದುಡ್ಡು ಕೊಟ್ಟು, "ಈ ಕಾರ್ಯಕ್ರಮದ ಎಲ್ಲಾ ಕಂತಿಗೂ ಬಳಸಬಹುದು" ಅಂತ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸ್ಕೊಳ್ಳಿ.

ಶಬ್ದಮಣಿ

ದುಡಿ ಸಣ್ಣದಾಗಿ ಕಾಣುತ್ತೆ, ಏಟು ಮಾತ್ರ ಚುರುಕು. ಮಾತಿಗೆ ಇಟ್ಟ ಹಾಗೆ 15 ಸೆಂಟಿಮೀಟರಲ್ಲಿ ಫೋನ್ ಇಟ್ರೆ ಒಡೆದು ಹೋಗುತ್ತೆ. ಒಂದೂವರೆ ಮೀಟರ್ ದೂರ ಇಡಿ. ಮಳೆಗಾಲದಲ್ಲಿ ಚರ್ಮ ತೇವಕ್ಕೆ ಸಡಿಲಾಗಿ ಸ್ವರ ಇಳಿದಿರುತ್ತೆ, ಬಾರಿಸೋರು ಬೆಂಕಿಗೆ ಹಿಡಿದು ಕಾಯಿಸ್ತಾರೆ. ಆ ಹೊತ್ತು ಕೊಡಿ, ಕಾದ ಮೇಲಿನ ಮೊದಲ ಹತ್ತು ನಿಮಿಷದಲ್ಲಿ ರೆಕಾರ್ಡ್ ಮುಗಿಸಿ. ಎಂಟು ಸೆಕೆಂಡ್ ಸಾಕು.

ಎಡಿಟಿಂಗ್ ಬೇಗ ಹೇಳಿ ಮುಗಿಸ್ತೇನೆ. ಮೂರೂ ಫೈಲ್ ಚಪ್ಪಾಳೆಗೆ ಜೋಡಿಸಿ. ಒಬ್ಬರು ಮಾತಾಡುವಾಗ ಉಳಿದ ಇಬ್ಬರ ಟ್ರ್ಯಾಕನ್ನು 10-12 ಡೆಸಿಬಲ್ ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ಮುಚ್ಚಿದ್ರೆ ಮಳೆ ಸದ್ದು ಬಂದು-ಹೋಗಿ ಆಗಿ ಯಾರೋ ಬಾಗಿಲು ತೆಗೆದು ಹಾಕಿದ ಹಾಗೆ ಕೇಳುತ್ತೆ. 80 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಜೋರು-ಮೆಲ್ಲಗಿನ ಅಂತರ ತಗ್ಗಿಸೋ ಕಂಪ್ರೆಸರ್ 3ಕ್ಕೆ 1. ಕೊನೆಗೆ ಮೊನೊ ಆದ್ರೆ ಮೈನಸ್ 19 ಎಲ್‌ಯುಎಫ್‌ಎಸ್ (ಕೇಳೋ ಕಿವಿಗೆ ಒಟ್ಟು ಎಷ್ಟು ಜೋರು ಅನ್ನೋ ಅಳತೆ), ಅತಿ ಜೋರಾದ ಶಿಖರ ಮೈನಸ್ 1 ಡೆಸಿಬಲಿಗೆ. ಎಂಪಿ3 ಮೊನೊ 64 ಕೆಬಿಪಿಎಸ್ ಸಾಕು, ಅರ್ಧ ಗಂಟೆಗೆ 14 ಎಂಬಿ ಚಿಲ್ಲರೆ. ಒಂದೇ ಗೀಟು ಸಿಗ್ನಲ್ ಬರೋ ಕಡೆಯೂ ಇಳಿಯುತ್ತೆ. ಉಸಿರು, "ಆಂ", "ಅದೇ" ಎಲ್ಲ ಕಿತ್ತು ಹಾಕಬೇಡಿ, ಹರಟೆಯ ಜೀವ ಹೋಗುತ್ತೆ. ಎರಡು ಸೆಕೆಂಡ್ ಮೀರಿದ ಮೌನ ಮಾತ್ರ ಚಿಕ್ಕದು ಮಾಡಿ.

ನಗು ಬಂದಾಗ ಮುಖ ಮೈಕಿಂದ ಪಕ್ಕಕ್ಕೆ ತಿರುಗಿಸಿ. ಮಳೆ ಸದ್ದಿನ ಹಾಗೆ ಅದನ್ನೂ ತಿದ್ದೋಕೆ ಆಗೋದಿಲ್ಲ, ಒಡೆದ ನಗು ಒಡೆದೇ ಇರುತ್ತೆ.

ಗದ್ದೆಬದಿ

ಸರಿ. ಗುರುವಾರ ಮಧ್ಯಾಹ್ನ ಮೂರಕ್ಕೆ, ಪೋರ್ಟಿಕೊ ಕಾರಲ್ಲಿ ಮೊದಲ ಪ್ರಯೋಗ. ಮೊದಲ ವಿಷಯ ರಜೆ ಆದೇಶ, ಎರಡನೇದು ಯುಎ 13+, ಮೂರನೇದು ಮದ್ದುಪಾಯಸ.

ಮೂರ್ನಾಡು ಮಾವ

ಮಧ್ಯಾಹ್ನ ಮೂರಕ್ಕೆ ಎರಡು ಜನ ಗಾಜು ಏರಿಸಿದ ಕಾರೊಳಗೆ ಕೂತು ಒಂದು-ಎರಡು-ಮೂರು ಎಣಿಸಿ ಚಪ್ಪಾಳೆ ತಟ್ಟಿದ್ರೆ ಅಕ್ಕಪಕ್ಕದವರು ಏನಂದ್ಕೊಳ್ತಾರೆ?

ಕಾಫಿಹೂ

ಅದಕ್ಕೂ ಮುಂಚೆ ಕಾರಿನ ಡೋಮ್ ಲೈಟ್ ಆಫ್ ಮಾಡೋಕೆ ಹೇಳಿ ಮಾವ, ಬಾಗಿಲು ತೆಗೆದು-ಹಾಕಿ ಮಾಡ್ತಾ ಬ್ಯಾಟರಿ ಇಳಿದ್ರೆ ಮಳೆಯಲ್ಲಿ ತಳ್ಳಬೇಕಾಗುತ್ತೆ.